ಐದನೇ ಫಾರಮ್ಮಿನ ಮೊಡವೆಗಳು

ಶಾಲೆ ಇರುವ ಕಡೆ ಮೊಡವೆ ಇರುತ್ತದೆ. ಮೊಡವೆ ಇರುವ ಕಡೆ ಅದಕ್ಕೆ ಮದ್ದು ಹೇಳುವವರು ಇರುತ್ತಾರೆ. ಮದ್ದು ಹೇಳುವವರು ಇರುವ ಕಡೆ ಏನಾದರೊಂದು ನಡೆದೇ ನಡೆಯುತ್ತದೆ. ಮೇಷ್ಟ್ರ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ.

ಕೊಡಗು ಇನ್ನೂ ಮೈಸೂರಿಗೆ ಸೇರದೆ, ಮಡಿಕೇರಿಯಲ್ಲಿ ನಮ್ಮದೇ ಸರಕಾರ ಇದ್ದ ಕಾಲದ ಮಾತು ಇದು. ಸುಂಟಿಕೊಪ್ಪದಿಂದ ಸ್ವಲ್ಪ ಒಳಗಿನ ಒಂದು ಶಾಲೆಯಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಶಾಲೆಯ ಹಿಂದೆಯೇ ನಮ್ಮ ಮನೆ. ನನ್ನ ಹೆಂಡತಿ ಕೊಡ್ಲಿಪೇಟೆ ಕಡೆಯವಳು, ಮಾತಿನವಳು. ನಾನು ಮಾತು ಕಡಿಮೆ. ಈಗ ಅವಳಿಲ್ಲ. ಅವಳಿಲ್ಲದೆ ಇದು ಮೊದಲ ಮಳೆಗಾಲ. ಅವಳಿದ್ದಾಗ ಈ ಕಥೆಗಳನ್ನು ಅವಳೇ ಹೇಳುತ್ತಿದ್ದಳು, ಅವಳು ತಪ್ಪಿದಲ್ಲಿ ನಾನು ನಡುವೆ ತಿದ್ದುತ್ತಿದ್ದೆ. ಈಗ ಹೇಳುವ ಕೆಲಸವೂ ನನ್ನ ಪಾಲಿಗೆ ಬಂದಿದೆ.

ಎಲ್ಲ ಶುರುವಾದ ದಿನದಲ್ಲಿ ವಿಶೇಷ ಏನೂ ಇರಲಿಲ್ಲ. ಮಳೆ ಬಿಟ್ಟು ಬಿಸಿಲು ಬಂದಿತ್ತು. ನಾನು ಐದನೇ ಫಾರಮ್ಮಿಗೆ, ಎಂದರೆ ಈಗಿನ ಹತ್ತನೇ ಕ್ಲಾಸಿಗೆ, ವರ್ಗ ಸಮೀಕರಣ ಮಾಡುತ್ತಿದ್ದೆ. ಹೊರಗೆ ಮೊಳೆ ಹೊಡೆಯುವ ಸದ್ದು ಕೇಳಿತು. ಹೋಗಿ ನೋಡಿದರೆ ಹೆಡ್ಮಾಸ್ಟರು ಜಗಲಿಯಲ್ಲಿ, ಕುಡಿಯುವ ನೀರಿನ ಹಂಡೆಯ ಮೇಲ್ಗಡೆ, ಒಂದು ಕನ್ನಡಿ ತೂಗುಹಾಕಿಸುತ್ತಿದ್ದರು. ತೋಟ ಮಾರಿ ಸೀಮೆಗೆ ಹೊರಟ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯ ಸಾಮಾನು ಹರಾಜಾದಾಗ ಅದನ್ನು ತಂದಿದ್ದರಂತೆ. ಬಾಗಿಲಿನಷ್ಟು ಅಗಲ, ಸುತ್ತ ಕೆತ್ತನೆಯ ಚೌಕಟ್ಟು.

ಅಲ್ಲಿಯವರೆಗೆ ನಮ್ಮ ಮಕ್ಕಳು ತಮ್ಮ ಮುಖವನ್ನು ಇಡಿಯಾಗಿ ಕಂಡವರೇ ಅಲ್ಲ. ಮನೆಯಲ್ಲಿ ಇದ್ದರೆ ಅಪ್ಪ ಕ್ಷೌರ ಮಾಡಿಕೊಳ್ಳುವ ಅಂಗೈಯಗಲದ ಕನ್ನಡಿ, ಅದೂ ಕತ್ತಲೆ ಮೂಲೆಯಲ್ಲಿ. ಅದರಲ್ಲಿ ಮೂಗು ಕಂಡರೆ ಗಲ್ಲ ಕಾಣುವುದಿಲ್ಲ. ಈಗ ಜಗಲಿಯ ಬೆಳಕಿನಲ್ಲಿ ಹಣೆ, ಮೂಗು, ಕೆನ್ನೆ, ಗಲ್ಲ ಎಲ್ಲ ಒಟ್ಟಿಗೆ ಕಂಡವು. ನೀರು ಕುಡಿಯಲು ಹೋದವರು ಬೇಗ ತಿರುಗಿ ಬರಲಿಲ್ಲ. ಬಂದವರು ಕೈಯಲ್ಲಿ ಕೆನ್ನೆ ಮುಚ್ಚಿಕೊಂಡು ಬಂದರು.

ಸಂಜೆ ಮನೆಯಲ್ಲಿ ಹೇಳಿದೆ. “ನಮ್ಮ ಶಾಲೆಗೆ ಇವತ್ತು ಮೊಡವೆ ಬಂತು.”

“ನಿನ್ನೆಯೂ ಇತ್ತು ಕಣ್ರೀ,” ಅಂದಳು ನನ್ನಾಕೆ. “ಇವತ್ತು ಅವರಿಗೆ ಗೊತ್ತಾಯ್ತು, ಅಷ್ಟೇ.”

ಎಣ್ಣೆಯ ಆಜ್ಞೆ

ಹೆಡ್ಮಾಸ್ಟರು ಮಂಗಳೂರು ಕಡೆಯವರು, ಶಿಸ್ತಿನವರು. ಕನ್ನಡಿ ಹಾಕಿಸಿದ್ದು ಮೊಡವೆ ನೋಡಲಿ ಎಂದಲ್ಲ, ತಲೆ ಬಾಚಲಿ ಎಂದು. ಮರುದಿನ ಪ್ರಾರ್ಥನೆಯಲ್ಲಿ ಆಜ್ಞೆಯಾಯಿತು: ಎಣ್ಣೆ ಹಾಕಿ, ಬಾಚಿ, ಕ್ರಾಪು ಕೂರಿಸದೆ ಯಾರೂ ಒಳಗೆ ಬರಬಾರದು.

ಹುಡುಗರು ಆಜ್ಞೆ ಪಾಲಿಸಿದರು. ಕೊಬ್ಬರಿ ಎಣ್ಣೆಯನ್ನು ಸೌಟಿನಲ್ಲಿ ಹುಯ್ದುಕೊಂಡು ಬಂದರು. ಹತ್ತು ಗಂಟೆಯ ಬಿಸಿಲಿಗೆ ಅದು ಹಣೆಗೆ ಇಳಿಯುತ್ತಿತ್ತು. ಕೆಲವು ವಾರಗಳಲ್ಲಿ, ಎಲ್ಲಿಯವರೆಗೆ ಎಣ್ಣೆ ಇಳಿಯಿತೋ ಅಲ್ಲಿಯವರೆಗೆ ಮೊಡವೆ ಎದ್ದವು.

ನನ್ನಾಕೆ ನಮ್ಮ ಬೇಲಿಯಾಚೆ ಹೋಗುವ ಹುಡುಗರನ್ನು ನೋಡಿ ಕಾರಣ ಹೇಳಿದಳು. “ಈ ವಯಸ್ಸಿಗೆ ಮುಖದ ಚರ್ಮವೇ ಎಣ್ಣೆ ಬಿಡುತ್ತೆ. ಅದರ ಮೇಲೆ ನೀವು ಇನ್ನೊಂದು ಸೌಟು ಹುಯ್ದರೆ ಬೆವರಿನ ತೂತೆಲ್ಲ ಕಟ್ಟಿಕೊಳ್ಳಲ್ವಾ? ಹಣೆಗೆ ಇಳಿಸಬೇಡಿ ಅನ್ನಿ. ಸಂಜೆ ತಣ್ಣೀರಲ್ಲಿ ಮುಖ ತೊಳೀಲಿ. ಉಗುರು ತಾಗಿಸದೆ ಇರಲಿ. ಮೊಡವೆ ಅಂದ್ರೆ ಹೇಳದೆ ಬಂದ ನೆಂಟ ಇದ್ದ ಹಾಗೆ. ಹೊರಗೆ ದೂಡೋಕೆ ಹೋದರೆ ಹಟ ಮಾಡಿ ಕೂರ್ತಾನೆ. ಮರ್ಯಾದೆಯಾಗಿ ಒಂದು ಲೋಟ ನೀರು ಕೊಟ್ಟು ಸುಮ್ಮನಿದ್ದರೆ ತಾನೇ ಎದ್ದು ಹೋಗ್ತಾನೆ.”

ಇದನ್ನು ನಾನು ಹೆಡ್ಮಾಸ್ಟರಿಗೆ ಮುಟ್ಟಿಸಿದೆ. ಅವರು ತಮ್ಮ ನುಣ್ಣಗಿನ ಬೋಳು ತಲೆ ಸವರಿಕೊಂಡರು.

“ಎಂತ ಮಾರಾಯ್ರೇ, ನಾನು ದಿನಾ ಎಣ್ಣೆ ಹಾಕ್ತೇನೆ. ನನಗೆ ಬಂದಿದೆಯಾ ಮೊಡವೆ?”

“ತಮಗೆ ವಯಸ್ಸು ಐವತ್ತು ದಾಟಿದೆ ಸಾರ್.”

ಹೆಡ್ಮಾಸ್ಟರು ನ್ಯಾಯವಂತರು. ಆಜ್ಞೆ ವಾಪಸು ತೆಗೆದುಕೊಳ್ಳಲಿಲ್ಲ, ತಿದ್ದುಪಡಿ ಮಾಡಿದರು: ಎಣ್ಣೆ ತಲೆಗೆ ಇರಲಿ, ಹಣೆಗೆ ಬೇಡ. ಮರುದಿನ ಬೆಳಿಗ್ಗೆ ಸ್ವತಃ ತಾವೇ ಗೇಟಿನಲ್ಲಿ ಒಂದು ಟವಲು ಹಿಡಿದು ನಿಂತರು. ಬಂದ ಒಬ್ಬೊಬ್ಬನ ಹಣೆಯನ್ನೂ ಶ್ರದ್ಧೆಯಿಂದ ಒರೆಸಿ ಒಳಗೆ ಬಿಟ್ಟರು. ಟವಲು ಒಂದೇ. ಸಾಲಿನ ಮೊದಲಲ್ಲಿ ನಿಂತವರ ಹಣೆ ಒಣಗಿತು. ಕೊನೆಯಲ್ಲಿ ಬಂದ ಹುಡುಗ ಬಡವ, ಅವರ ಮನೆಯಲ್ಲಿ ಎಣ್ಣೆಯೇ ಇರಲಿಲ್ಲ. ಒರೆಸಿದ ಮೇಲೆ ಅವನ ಹಣೆಯಲ್ಲಿ ನಮ್ಮೆಲ್ಲರ ಪ್ರತಿಬಿಂಬ ಕಾಣುತ್ತಿತ್ತು.

ಕಾಫಿ ಗಿಡದ ಮದ್ದು

ಐದನೇ ಫಾರಮ್ಮಿನ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹತ್ತಿರದ ಎಸ್ಟೇಟಿನ ಮೇಸ್ತ್ರಿಯ ಮಗ. ಒಳ್ಳೆಯ ಮನಸ್ಸು, ಒಳ್ಳೆಯ ಕಂಠ, ಪುಸ್ತಕದ ಸಹವಾಸ ಇಲ್ಲ. ನಮ್ಮ ಶಾಲೆಯಲ್ಲಿ ಅವನಷ್ಟು ಮೊಡವೆ ಇನ್ನೊಬ್ಬರಿಗೆ ಇರಲಿಲ್ಲ.

ಮಳೆ ಬಿಟ್ಟ ಮೇಲೆ ತೋಟಗಳಲ್ಲಿ ಕಾಫಿಗೆ ಮದ್ದು ಹೊಡೆಯುವ ಕಾಲ. ಮೈಲುತುತ್ತ ಮತ್ತು ಸುಣ್ಣ ಕಲಸಿದ ನೀಲಿ ನೀರು. ಎಲೆಯ ಅಡಿಯಲ್ಲಿ ಅರಿಶಿನ ಬಣ್ಣದ ಚುಕ್ಕೆ ಏಳುವ ರೋಗಕ್ಕೆ ಅದು ಮದ್ದು. ಹುಡುಗ ಅಪ್ಪನಿಗೆ ಬುತ್ತಿ ಕೊಡಲು ತೋಟಕ್ಕೆ ಹೋದವನು ಪೀಪಾಯಿಯ ಪಕ್ಕ ಕೂತು ವಿಚಾರ ಮಾಡಿದ. ಎಲೆಗೆ ಚುಕ್ಕೆ, ಕೆನ್ನೆಗೂ ಚುಕ್ಕೆ. ತರ್ಕದಲ್ಲಿ ಅವನು ಅಷ್ಟು ದೂರ ಹೋದದ್ದು ನನಗೆ ತಿಳಿದಂತೆ ಅದೊಂದೇ ಸಲ.

ಮರುದಿನ ತರಗತಿಗೆ ಬಂದಾಗ ಅವನ ಮುಖ ಹೊಸ ಮನೆಯ ಗೋಡೆಯಂತೆ ತಿಳಿನೀಲಿಯಾಗಿತ್ತು. ನಗಲು ಹೋದರೆ ಅಲ್ಲಲ್ಲಿ ಬಿರುಕು ಬಿಡುತ್ತಿತ್ತು.

“ಏನೋ ಇದು?”

“ಸ್ಪ್ರೇ ಸಾರ್.”

“ಯಾರು ಹೊಡೆದರು?”

“ನಾನೇ ಸಾರ್. ಅಡಿಯಿಂದ ಮೇಲಕ್ಕೆ. ಹಾಗೆ ಹೊಡೆದರೇ ಹಿಡಿಯೂದು.”

ಅವನನ್ನು ಮನೆಗೆ ಕರೆದುಕೊಂಡು ಹೋದೆ. ನನ್ನಾಕೆ ಬೈಯಲಿಲ್ಲ. ಹಿತ್ತಲಿನಲ್ಲಿ ಕೂರಿಸಿ, ಉಜ್ಜದೆ, ತಣ್ಣೀರನ್ನು ಚೊಂಬು ಚೊಂಬಾಗಿ ಹುಯ್ದು ಹುಯ್ದು ಇಳಿಸಿದಳು. ಅಡಿಯಲ್ಲಿ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಲೋಳೆಸರ ಕೊಯ್ದು ಒಳಗಿನ ತಿರುಳನ್ನು ತೆಳ್ಳಗೆ ಹಚ್ಚಿದಳು. “ನೋವಾಗ್ತಿದೆಯೇನಪ್ಪಾ?” ಅಂದಳು. ಅವನು ಇಲ್ಲ ಎಂದ. ಕಣ್ಣಲ್ಲಿ ನೀರಿತ್ತು.

ವಿಷಯ ತಿಳಿದು ಅವನ ಅಪ್ಪ ಓಡಿಬಂದರು. ಮಗನ ಮುಖವನ್ನು ಬಲಕ್ಕೆ ತಿರುಗಿಸಿ ನೋಡಿದರು, ಎಡಕ್ಕೆ ತಿರುಗಿಸಿ ನೋಡಿದರು. ಅವರ ಸಿಟ್ಟು ಇದ್ದದ್ದು ಬೇರೆ ಕಡೆ.

“ಸಾರ್, ನಾವು ಗಿಡಕ್ಕೆ ಮಳೆಗೆ ಮುಂಚೆ ಒಂದು ರೌಂಡು, ಮಳೆ ಬಿಟ್ಟ ಮೇಲೆ ಒಂದು ರೌಂಡು ಹೊಡೀತೇವೆ. ಈ ಕತ್ತೆ ಒಂದೇ ದಿನ ಎರಡೂ ರೌಂಡು ಮುಗಿಸಿದ್ದಾನೆ!”

ಪುಸ್ತಕದ ಉಷ್ಣ

ಇನ್ನು ಒಬ್ಬ ಹುಡುಗಿಯ ಮಾತು. ಅವಳೂ ಐದನೇ ಫಾರಂ. ನನ್ನ ಲೆಕ್ಕದಲ್ಲಿ ಅವಳು ತಪ್ಪುವುದು ಅಪರೂಪ. ಬೋರ್ಡಿನ ಮೇಲೆ ಯಾರಾದರೂ ತಪ್ಪು ಬರೆದರೆ ಅವಳಿಗೆ ಕೂರಲಾಗುತ್ತಿರಲಿಲ್ಲ, ಕಾಲಿಗೆ ಇರುವೆ ಹತ್ತಿದವಳಂತೆ ಚಡಪಡಿಸುತ್ತಿದ್ದಳು. ಕನ್ನಡಿ ಬಂದ ಮೇಲೆ ಮೊದಲು ಸೆರಗಿನ ತುದಿ ಕೆನ್ನೆಗೆ ಬಂತು. ಆಮೇಲೆ ಕರವಸ್ತ್ರ. ಹೊಸ ಅಕ್ಕಿಯ ಪುತ್ತರಿ ಹಬ್ಬದ ರಜೆ ಕಳೆದು ಶಾಲೆ ತೆರೆದಾಗ ಅವಳೇ ಬರಲಿಲ್ಲ.

ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಹಾಜರಿ ಸಾಲದಿದ್ದರೆ ಎಸ್ಸೆಸ್ಸೆಲ್ಸಿಯ ತರಗತಿಯಾದ ಆರನೇ ಫಾರಮ್ಮಿಗೆ ಬಿಡುವುದಿಲ್ಲ. ಈ ವರ್ಷ ನಿಂತರೆ ಆ ಮನೆಯವರು ಇನ್ನೊಂದು ವರ್ಷ ಕಳಿಸುವುದೂ ಇಲ್ಲ. ಎಸ್ಸೆಸ್ಸೆಲ್ಸಿ ಮುಟ್ಟುವ ಹುಡುಗಿಯರೇ ನಮ್ಮಲ್ಲಿ ಕಡಿಮೆ. ಒಂದು ಸಂಜೆ ನನ್ನಾಕೆಯನ್ನು ಕರೆದುಕೊಂಡು ಅವರ ಮನೆಗೆ ಹೋದೆ.

ಅರೆಭಾಷೆ ಮಾತಾಡುವ ಗೌಡರ ಮನೆ. ಅವರ ಮಾತಿನಲ್ಲಿ ಹುಡುಗಿ ಎಂದರೆ ಗೂಡೆ, ಹುಡುಗ ಎಂದರೆ ಹೈದ. ಅಪ್ಪ ಮಿಲಿಟರಿಯಲ್ಲಿ, ಅಮ್ಮ ಮಾತಾಡುವವರಲ್ಲ. ಮನೆಯ ಸರಕಾರವೆಲ್ಲ ಅಜ್ಜಿಯದು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

“ಗೂಡೆ ಇನ್ನು ಬರುದಿಲ್ಲ ಮೇಷ್ಟ್ರೇ,” ಅಂದರು. “ಓದಿ ಓದಿ ತಲೆಗೆ ಉಷ್ಣ ಏರಿ ಉಂಟು. ತಲೆಯಲ್ಲಿ ಜಾಗ ಸಾಲದೆ ಮುಖಕ್ಕೆ ಇಳಿದು ಉಂಟು. ಅಷ್ಟೂ ಕಾಣುದಿಲ್ವಾ ನಿಮಗೆ?”

“ಅಜ್ಜಿ, ಅದು ವಯಸ್ಸಿನದು,” ಅಂದಳು ನನ್ನಾಕೆ. “ಓದೋರಿಗೂ ಬರುತ್ತೆ, ಓದದೇ ಇರೋರಿಗೂ ಬರುತ್ತೆ. ಸ್ವಲ್ಪ ಕಡಲೆಹಿಟ್ಟಲ್ಲಿ ಮುಖ ತೊಳೆದರೆ…”

“ಹಿಟ್ಟಾ?” ಅಜ್ಜಿಯ ಕೈ ನಿಂತಿತು. ಅದು ಯುದ್ಧಕಾಲದ ರೇಷನ್ನಿನ ನೆನಪು ಇನ್ನೂ ಹಸಿಯಾಗಿದ್ದ ಕಾಲ. “ಬಾಯಿಗೆ ಹಾಕುದನ್ನು ಕೆನ್ನೆಗೆ ಹಾಕುದಾ? ನಾಳೆ ಕಾಲಿಗೆ ತುಪ್ಪ ಹಚ್ಚಿ ಅಂತೀರಿ.”

ಬಾಗಿಲ ಹಿಂದೆ ಬಳೆ ಸದ್ದಾಯಿತು. ಹುಡುಗಿ ಹೊರಗೆ ಬರಲಿಲ್ಲ. ನಾನು ನಿಧಾನವಾಗಿ, ಬೀಜಗಣಿತದ ಪುಸ್ತಕವನ್ನಾದರೂ ಅವಳ ಕೈಗೆ ಕೊಡಿ, ಮನೆಯಲ್ಲೇ ಒಂದಿಷ್ಟು ಮಾಡಲಿ ಎಂದೆ.

“ಕೊಡ್ತೇನೆ. ಮೊದಲು ತಣಿಯಲಿ.”

“ಏನು ತಣಿಯಲಿ?”

ಅಜ್ಜಿ ಗಲ್ಲದಿಂದಲೇ ಅಂಗಳದ ಕಡೆ ತೋರಿಸಿದರು. ತುಳಸಿಕಟ್ಟೆಯ ಪಕ್ಕ, ಮೊರದ ಮೇಲೆ, ನಮ್ಮ ಬೀಜಗಣಿತದ ಪುಸ್ತಕ ಬಾಯಿ ತೆರೆದು ಮಲಗಿತ್ತು. ಉಷ್ಣ ಇಳಿಯಲೆಂದು ದಿನವೂ ಇಬ್ಬನಿಗೆ ಇಡುತ್ತಿದ್ದರಂತೆ. ನೆನೆದು ನೆನೆದು ಅದು ಬನ್ನಿನಂತೆ ಉಬ್ಬಿತ್ತು.

“ಈಗ ಪರವಾಗಿಲ್ಲ,” ಅಂದರು ಅಜ್ಜಿ. “ತಂಪು ಹಿಡಿದು ಉಂಟು. ಶಾಲೆಯಿಂದ ತಂದಾಗ ಇದಕ್ಕಿಂತ ತೆಳ್ಳಗೆ ಇತ್ತು.”

ಔಷಧಿಯ ಹಣ್ಣು

ಹಿಟ್ಟು ಬೇಡವಾದರೆ ಬೇಡ, ಎಸೆಯುವ ವಸ್ತುವಿಗೆ ಅಜ್ಜಿ ಅಡ್ಡಿ ಹೇಳಲಾರರು ಎಂದು ನನ್ನಾಕೆ ಲೆಕ್ಕ ಹಾಕಿದಳು. ಆಗ ನಮ್ಮ ಕಡೆ ಕಿತ್ತಳೆ ಹೇಗೆ ಬೆಳೆಯುತ್ತಿತ್ತು ಎಂದರೆ, ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕಾಫಿಯ ನಡುವೆ ಎಲ್ಲೆಲ್ಲೂ ಅದೇ. ಬಸ್ಸಿನಲ್ಲಿ ಕೂತರೆ ಡೀಸೆಲ್ ವಾಸನೆಗಿಂತ ಕಿತ್ತಳೆಯ ವಾಸನೆ ಜಾಸ್ತಿ. ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ, ನುಣ್ಣಗೆ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ ತೆಳ್ಳಗೆ ಹಚ್ಚಬೇಕು. ಒಣಗುವ ಮುಂಚೆ ತೊಳೆಯಬೇಕು. ಮೊದಲು ಕೈಗೆ ಹಚ್ಚಿ ನೋಡಬೇಕು, ಉರಿದರೆ ಬಿಡಬೇಕು. ಅವಳ ತವರಿನಲ್ಲಿ ಮಾಡುತ್ತಿದ್ದದ್ದು.

“ಸಿಪ್ಪೆ ಸಿಕ್ಕಿದರೆ ತನ್ನಿ,” ಎಂದು ಅವಳು ನಮ್ಮ ಬೇಲಿಯ ಹತ್ತಿರ ಇಬ್ಬರು ಹುಡುಗರಿಗೆ ಹೇಳಿದಳು. ಅಷ್ಟೇ ಹೇಳಿದ್ದು.

ಮರುದಿನ ಇಡೀ ಐದನೇ ಫಾರಂ ಕಿತ್ತಳೆ ತಿನ್ನುತ್ತಿತ್ತು. ಚರಿತ್ರೆಯ ಪೀರಿಯಡ್ಡಿನಲ್ಲಿ ತಿಂದರು, ಇಂಗ್ಲಿಷಿನಲ್ಲಿ ತಿಂದರು. ಸಿಪ್ಪೆ ಹಿಂಡಿ ಒಬ್ಬರ ಕಣ್ಣಿಗೊಬ್ಬರು ಹಾರಿಸಿದರು. ಹೆಡ್ಮಾಸ್ಟರು ಬಾಗಿಲಲ್ಲಿ ಬಂದು ನಿಂತಾಗ ಮೇಸ್ತ್ರಿಯ ಮಗನ ಬಾಯಿ ತುಂಬಿತ್ತು.

“ಎಂತದಾ ಅದು?”

“ಔಷಧಿ ಸಾರ್.”

“ಯಾರಿಗೆ ಹುಷಾರಿಲ್ಲ?”

ಅವನು ನುಂಗಿದ. “ಬೇರೆಯವರಿಗೆ ಸಾರ್. ನಾವು ಸಹಾಯ ಮಾಡ್ತಾ ಇದ್ದೇವೆ.”

ಆ ವಾರ ನಮ್ಮ ಜಗಲಿಯ ತುಂಬ ಸಿಪ್ಪೆ. ನನ್ನಾಕೆ ಒಣಗಿಸಿ ಕುಟ್ಟಿ ಡಬ್ಬಿ ತುಂಬಿಸಿ ಅಜ್ಜಿಯ ಮನೆಗೆ ಕಳಿಸಿದಳು. ಎಸೆಯುವ ಸಿಪ್ಪೆಯೆಂದು ಅಜ್ಜಿ ಒಪ್ಪಿಕೊಂಡರು. ಈಗಲೂ ನನಗೆ ಕಿತ್ತಳೆ ಸಿಪ್ಪೆ ಎಸೆಯಲು ಕೈ ಬರುವುದಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಇಡುತ್ತೇನೆ. ಒಣಗಿ ಸುರುಟಿಕೊಳ್ಳುತ್ತದೆ. ಮುಂದಿನದು ನನಗೆ ಬರುವುದಿಲ್ಲ, ಅದನ್ನು ಮಾಡುತ್ತಿದ್ದವಳು ಅವಳು.

ಹೆಡ್ಮಾಸ್ಟರಿಗೆ ಮಾತ್ರ ಒಂದು ಸಂಶಯ ಉಳಿಯಿತು. ತಿಂಗಳ ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, “ಅಲ್ಲ ಮಾರಾಯ್ರೇ, ಒಬ್ಬಳ ಕೆನ್ನೆ ಎಷ್ಟು ದೊಡ್ಡದಿದ್ದರೆ ಇಷ್ಟು ಹಣ್ಣು ಬೇಕು?”

ಸಾಕ್ಷಿ

ಪುಡಿ ಹೋಯಿತು, ಹುಡುಗಿ ಬರಲಿಲ್ಲ. ಮುಖದ ಉರಿ ಕಡಿಮೆಯಾಗಿದೆ ಎಂದು ಅಮ್ಮನಿಂದ ಸುದ್ದಿ ಬಂತು. ಆದರೆ ಉಷ್ಣದ ಮೂಲ ಪುಸ್ತಕ ಎನ್ನುವ ಮಾತನ್ನು ಅಜ್ಜಿ ಬಿಟ್ಟಿರಲಿಲ್ಲ. ಕಡಿಮೆಯಾದದ್ದು ಪುಸ್ತಕ ದೂರವಿದ್ದುದರಿಂದ ಎಂದು ಅವರ ವಾದ ಇನ್ನೂ ಗಟ್ಟಿಯಾಗಿತ್ತು. ಪರೀಕ್ಷೆ ಹತ್ತಿರ ಬರುತ್ತಿತ್ತು.

ಒಂದು ಶನಿವಾರ ಊಟಕ್ಕೆ ಕೂತಾಗ ನನ್ನಾಕೆ ಕೇಳಿದಳು. “ರೀ, ನಿಮ್ಮ ಕ್ಲಾಸಲ್ಲಿ ಪುಸ್ತಕವನ್ನೇ ಮುಟ್ಟದವನು ಯಾರು?”

ಹೇಳಿದೆ.

“ಮೊಡವೆ ಜಾಸ್ತಿ ಯಾರಿಗೆ?”

ಅದೂ ಅವನಿಗೇ.

“ಹಾಗಾದ್ರೆ ಅವನನ್ನೇ ಕರ್ಕೊಂಡ್ ಬನ್ನಿ. ಅಜ್ಜಿ ಕಣ್ಣಾರೆ ನೋಡಲಿ.”

ಮೇಸ್ತ್ರಿಯ ಮಗನನ್ನು ಕರೆಸಿದೆ. ಎಂತಕ್ಕೆ ಸಾರ್ ಎಂದ. ಸಾಕ್ಷಿಗೆ ಎಂದೆ. ಯಾರ ಮನೆಗೆ ಎಂದು ಕೇಳಿದ. ಹೇಳಿದೆ. ಒಂದು ನಿಮಿಷ ಸಾರ್ ಎಂದು ಓಡಿದವನು, ಅಪ್ಪನ ಕೋಟು ಹಾಕಿಕೊಂಡು, ತಲೆ ಒದ್ದೆ ಮಾಡಿ ಬಾಚಿಕೊಂಡು ಬಂದ. ಕೋಟಿನ ತೋಳು ಬೆರಳ ತುದಿಯವರೆಗೆ ಇತ್ತು.

ಅಜ್ಜಿ ಅವತ್ತೂ ಅವರೆಕಾಯಿ ಸುಲಿಯುತ್ತಿದ್ದರು. ನನ್ನಾಕೆ ಹುಡುಗನನ್ನು ಬೆಳಕಿಗೆ ನಿಲ್ಲಿಸಿದಳು. “ಅಜ್ಜಿ, ಈ ಮುಖ ನೋಡಿ. ನಿಮ್ಮ ಮೊಮ್ಮಗಳಿಗಿಂತ ಜಾಸ್ತಿ ಇಲ್ವಾ?”

ಅಜ್ಜಿ ನೋಡಿದರು. “ಅಯ್ಯೋ ಶಿವನೇ,” ಅಂದರು. ಜಾಸ್ತಿ ಎಂದು ಒಪ್ಪಿದ ಹಾಗಾಯಿತು.

“ಇವನು ಓದಿದವನೇ ಅಲ್ಲ. ಬೇಕಾದ್ರೆ ಅವನನ್ನೇ ಕೇಳಿ.”

ಅಜ್ಜಿ ಕೇಳಿದರು. “ನೀ ಓದುದು ಉಂಟಾ ಹೈದಾ?”

ಅಷ್ಟು ಹೊತ್ತಿಗೆ ಬಾಗಿಲ ಹಿಂದೆ ಬಳೆ ಸದ್ದಾಯಿತು. ಅದು ನನ್ನ ಕಿವಿಗೆ ಬಿತ್ತು. ಹುಡುಗನ ಕಿವಿಗೂ ಬಿತ್ತು. ಅವನು ಎದೆ ಸೆಟೆಸಿ ನಿಂತ.

“ಓದ್ತೇನೆ ಅಜ್ಜಿ. ಬೆಳಿಗ್ಗೆ ಎದ್ದ ಕೂಡಲೇ ಓದ್ತೇನೆ. ಸಂಜೆ ಲಾಟೀನು ಹಚ್ಚಿ ಓದ್ತೇನೆ. ಅಮ್ಮ ಬೈದರೂ ಬಿಡುದಿಲ್ಲ.”

ನನ್ನಾಕೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅಜ್ಜಿ ಗೆದ್ದ ಕಣ್ಣಿನಿಂದ ಇಬ್ಬರನ್ನೂ ನೋಡಿದರು.

“ನಾ ಹೇಳ್ಲಿಲ್ವಾ ಮೇಷ್ಟ್ರೇ? ಪಾಪ, ಎಂಥಾ ಓದು ಓದಿದ್ದಾನೋ, ಎಂಥಾ ಉಷ್ಣ ಏರಿದೆಯೋ! ಇವನ ಪುಸ್ತಕವನ್ನೂ ಇಬ್ಬನಿಗೆ ಇಡಲಿಕ್ಕೆ ಹೇಳಿ.”

ನನ್ನಾಕೆ ಮೊಣಕೈಯಿಂದ ನನ್ನನ್ನು ತಿವಿದಳು. ನನಗೆ ತಿಳಿದದ್ದು ಒಂದೇ ದಾರಿ. ಹುಡುಗನ ಕಡೆ ತಿರುಗಿ ಮಗ್ಗಿ ಕೇಳಿದೆ. “ಏಳೆಂಟ್ಲ?”

ಅವನು ಮಾಡಿನ ಹಂಚು ನೋಡಿದ. “ಅರವತ್ತು ಸಾರ್.”

“ಸರಿಯಾಗಿ ಯೋಚಿಸಿ ಹೇಳು.”

“ಅರವತ್ತೆರಡು.”

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಇಡೀ ಆಯುಸ್ಸು ಭತ್ತ ಅಳೆದ ಹೆಂಗಸು. “ಏನು ಹೇಳಿದೆ ಹೈದಾ?”

ಅಜ್ಜಿಗೆ ಇನ್ನೂ ಹೆಚ್ಚು ಬೇಕೆಂದು ಅವನಿಗೆ ಅನ್ನಿಸಿರಬೇಕು. “ಎಪ್ಪತ್ತು,” ಎಂದ.

ಬಾಗಿಲು ದಡಾರನೆ ತೆರೆಯಿತು.

“ಐವತ್ತಾರು!”

ಹುಡುಗಿ ಹೊಸಿಲು ದಾಟಿ ಜಗಲಿಯ ನಡುವೆ ನಿಂತಿದ್ದಳು. ಸೆರಗಿಲ್ಲ, ಕರವಸ್ತ್ರವಿಲ್ಲ. ಮುಖದ ತುಂಬ ಕಿತ್ತಳೆ ಸಿಪ್ಪೆಯ ಲೇಪ, ಹುಬ್ಬಿನವರೆಗೆ; ಬಾಗಿಲ ಹಿಂದೆ ಕೇಳುತ್ತ ನಿಂತು ತೊಳೆಯುವುದು ಮರೆತು ಒಣಗಿಹೋಗಿತ್ತು. ಕೂಗಿದ ರಭಸಕ್ಕೆ ಗಲ್ಲದಿಂದ ಒಂದು ಚೂರು ಕೆಳಗೆ ಬಿತ್ತು. “ಐವತ್ತಾರು ಕಣೋ! ಅಷ್ಟೂ ಬರುದಿಲ್ವಾ?” ಅಂದಳು. ಆಮೇಲೆ ತಾನು ಎಲ್ಲಿ ನಿಂತಿದ್ದೇನೆ, ಹೇಗೆ ನಿಂತಿದ್ದೇನೆ ಎನ್ನುವುದು ಅವಳಿಗೆ ತಿಳಿಯಿತು. ಕೈ ಮುಖಕ್ಕೆ ಹೋಗುತ್ತಿತ್ತು.

ಹುಡುಗ ಅವಳ ಮುಖವನ್ನು ಗೌರವದಿಂದ ನೋಡಿದ.

“ನಂದು ನೀಲಿ ಇತ್ತು,” ಎಂದ.

ಮೊದಲು ನಕ್ಕವಳು ಆ ಹುಡುಗಿ. ಲೇಪ ಬಿರಿದು ಬಿರಿದು ಉದುರಿತು. ನನ್ನಾಕೆ ಕಂಬ ಹಿಡಿದುಕೊಂಡು ನಕ್ಕಳು. ಅಜ್ಜಿ ನಗುವ ಅಬ್ಬರಕ್ಕೆ ಮಡಿಲಿನ ಅವರೆಕಾಳೆಲ್ಲ ಅಂಗಳಕ್ಕೆ ಉರುಳಿದವು, ಕೋಳಿಗಳು ಓಡಿಬಂದವು. ಕಣ್ಣು ಒರೆಸಿಕೊಂಡು, ಕೋಳಿ ಅಟ್ಟಿಕೊಂಡು, ಅಜ್ಜಿ ತೀರ್ಪು ಕೊಟ್ಟರು.

“ಓದದಿದ್ದರೆ ಮೊಡವೆಯೂ ಬರ್ತದೆ, ಲೆಕ್ಕವೂ ಬರುದಿಲ್ಲ. ಓದಿದರೆ ಮೊಡವೆ ಒಂದೇ ಬರುದು. ಹೋಗು ಗೂಡೆ, ಶಾಲೆಗೇ ಹೋಗು. ಈ ಹೈದನಿಗೂ ಸ್ವಲ್ಪ ಹೇಳಿಕೊಡು.”

ಸೋಮವಾರ ಹಾಜರಿ ಕೂಗಿದಾಗ ಅವಳು ‘ಪ್ರೆಸೆಂಟ್ ಸಾರ್’ ಎಂದಳು. ಮೂಗಿನ ತುದಿಯಲ್ಲಿ ಹೊಸದೊಂದು ಮೊಡವೆ ಎದ್ದಿತ್ತು.